ಮನೆಯ ಮೇಲಿನ ಕೋಣೆಗೂ ಗಣಿಯೊಳಗಿನ ಹಲಗೆಗೂ ಒಂದೇ ಪದ ಬೇಕು, ಕನ್ನಡದಲ್ಲಿ ಏನನ್ನೋಣ?

ಡೊಂಬಿವಲಿ ಸುಮಾ:

ಎಲ್ಲರಿಗೂ ನಮಸ್ಕಾರ. ಒಂದು ಪದ ನಾಲ್ಕು ದಿನದಿಂದ ನನ್ನ ನಿದ್ದೆ ಕೆಡಿಸಿದೆ. ನಿಮ್ಮಲ್ಲಿ ಯಾರಿಗಾದರೂ ಹೊಳೆಯಬಹುದು ಅಂತ ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಕೋಬೇಡಿ.

ನಾನು ಮನೆಯಲ್ಲೇ ಕೂತು ಸಬ್‌ಟೈಟಲ್ ಬರೆಯುವವಳು. ಅಂಧೇರಿಯ ಒಂದು ಸ್ಟುಡಿಯೋ ಕೆಲಸ ಕಳಿಸುತ್ತದೆ. ಹೆಚ್ಚಾಗಿ ಅಡುಗೆ ಕಾರ್ಯಕ್ರಮ, ಹುಲಿ ಸಿಂಹ, ಆಗಾಗ ಒಂದು ಕೊಲೆ. ಈ ಸಲ ಬಂದಿರುವುದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಗಣಿಗಳ ಮೇಲೆ ಒಂದು ಸಾಕ್ಷ್ಯಚಿತ್ರ. ತವರ, ತಾಮ್ರ ತೆಗೆದ ಗಣಿಗಳು. ಚೆನ್ನಾಗಿದೆ, ನೋಡುತ್ತಾ ನೋಡುತ್ತಾ ಟೈಪ್ ಮಾಡುವುದನ್ನೇ ಮರೆಯುತ್ತೇನೆ.

ತೊಂದರೆ ಎರಡು ದೃಶ್ಯಗಳದ್ದು. ಮೊದಲನೆಯದರಲ್ಲಿ ನಿರೂಪಕ ಒಂದು ಹಳೆಯ ಕಲ್ಲಿನ ಮನೆಯೊಳಗೆ ಮೆಟ್ಟಿಲು ಹತ್ತುತ್ತಾನೆ. ಕೆಳಗೆ ದೊಡ್ಡ ಹಜಾರ. ಅಲ್ಲಿ ಊಟ, ಹೊಗೆ, ಆಳುಕಾಳು, ಗಲಾಟೆ. ಮೇಲೆ ಒಂದು ಕೋಣೆ, ಅದು ಯಜಮಾನನ ಮನೆಯವರಿಗೆ ಮಾತ್ರ. "ಇದೇ ಸೋಲರ್" ಅನ್ನುತ್ತಾನೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಅದೇ ಮನುಷ್ಯ ಗಣಿಯ ಶಾಫ್ಟ್‌ನಲ್ಲಿ, ಅಂದರೆ ಬಾವಿಯಂತೆ ಕೆಳಗಿಳಿಯುವ ಗುಂಡಿಯಲ್ಲಿ, ಏಣಿ ಇಳಿಯುತ್ತಿದ್ದಾನೆ. ಏಣಿ ಮುಗಿದ ಕಡೆ ದಪ್ಪ ಹಲಗೆಗಳ ಒಂದು ನೆಲ. ಅದರ ಒಂದು ಮೂಲೆಯಲ್ಲಿ ಒಬ್ಬ ಆಳು ತೂರುವಷ್ಟು ತೂತು, ಅಲ್ಲಿಂದ ಮುಂದಿನ ಏಣಿ. ಆ ಹಲಗೆಯನ್ನು ಬೂಟಿನಿಂದ ಕುಟ್ಟಿ, "ಇದೂ ಸೋಲರ್. ಅದೇ ಪದ!" ಅಂತ ಕ್ಯಾಮೆರಾ ನೋಡಿ ನಗುತ್ತಾನೆ. ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಜಾಸ್ತಿ, ಉಚ್ಚಾರ ಚೂರು ಬೇರೆ, ಬೇರು ಒಂದೇ. ನೋಡುಗರೂ ಆ ಕ್ಷಣ "ಓಹೋ" ಅನ್ನಬೇಕು. ಅಂದರೆ ಎರಡೂ ಕಡೆ ನಾನು ಒಂದೇ ಕನ್ನಡ ಪದ ಹಾಕಬೇಕು. ಒಂದು ಸಾಲಿಗೆ 42 ಅಕ್ಷರ, ಎರಡೇ ಸಾಲು. ವಿವರಣೆ ಕೊಡಲು ಜಾಗ ಇಲ್ಲ.

ಪದದ ಹುಟ್ಟನ್ನು ಚಿತ್ರದಲ್ಲೇ ಹೇಳುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಸೋಲ್ ಅಂದರೆ ಸೂರ್ಯ. ಮನೆಯ ಮೇಲೆ ಬಿಸಿಲು ಬೀಳುವ ಚಪ್ಪಟೆ ಜಾಗಕ್ಕೆ ರೋಮನ್ನರು ಸೋಲಾರಿಯಂ ಅಂದರು. ಅದು ಹಳೆಯ ಇಂಗ್ಲಿಷಿಗೆ ಬಂದು ಮೇಲಿನ ಕೋಣೆ ಆಯಿತು. ಡಚ್ಚರ ಬಾಯಲ್ಲಿ ಝೋಲ್ಡರ್ ಅಂದರೆ ಇವತ್ತಿಗೂ ಮಾಡಿನ ಕೆಳಗಿನ ಅಟ್ಟವೇ. ಕಾರ್ನ್‌ವಾಲ್‌ನವರು ಅದನ್ನೇ ಗಣಿಗೆ ಇಳಿಸಿದರು. ಸೂರ್ಯನ ಪದ ಕತ್ತಲೆಗೆ ಹೋಯಿತು ಅಂತ ನಿರೂಪಕ ಮೂರು ಸಲ ಹೇಳುತ್ತಾನೆ. ಒಂದು ಸಲ ಸಾಕಿತ್ತು.

ಮೊದಲು ನಾನು ಸುಮ್ನೆ "ಸೋಲಾರ್" ಅಂತಲೇ ಬರೆದು ಕಳಿಸಿದೆ. ತಪ್ಪು ನೋಡುವ ಹುಡುಗ ಕೆಂಪು ಗುರುತು ಹಾಕಿ ವಾಪಸ್ ಕಳಿಸಿದ: "ಮೇಡಂ, ಆ ಕಾಲದಲ್ಲಿ ಗಣಿಯೊಳಗೆ ಸೋಲಾರ್ ಪ್ಯಾನೆಲ್ ಯಾಕಿತ್ತು?" ಅವನದ್ದೇನೂ ತಪ್ಪಿಲ್ಲ. ನಮ್ಮ ಸೊಸೈಟಿಯಲ್ಲಿ ಸೋಲಾರ್ ಅಂದರೆ ಬಿಸಿನೀರು.

ಆಮೇಲೆ "ಉಪ್ಪರಿಗೆ" ಹಾಕಿದೆ. ಮನೆಗೆ ಹೊಂದುತ್ತದೆ. "ಗಣಿಯೊಳಗಿನ ಉಪ್ಪರಿಗೆ" ಅಂದರೆ ಕೆಳಗೆ ಯಾರೋ ರಾಣಿ ಕೂತಿದ್ದಾಳೆ ಅನಿಸುತ್ತದೆ. "ವೇದಿಕೆ" ಹಾಕಿದರೆ ಹಾರ ತುರಾಯಿ, ಅಧ್ಯಕ್ಷ ಭಾಷಣ. "ಪ್ಲಾಟ್‌ಫಾರಂ" ಅಂತೂ ಡೊಂಬಿವಲಿಯವಳಾದ ನಾನು ಬರೆಯಲಾರೆ. ಆ ಪದ ಕೇಳಿದರೆ ಕಾಲು ತಾನಾಗಿ ಓಡುತ್ತದೆ.

ಇದೆಲ್ಲ ನನ್ನ ಕೆಲಸದ ಕಷ್ಟ. ಮನಸ್ಸಿಗೆ ಹತ್ತಿದ್ದಕ್ಕೆ ಬೇರೆ ಕಾರಣ ಇದೆ. ನಾನು ಬೆಳೆದದ್ದು ಗಿರಗಾಂವ್‌ನ ಒಂದು ಚಾಳಿನಲ್ಲಿ. ಅಪ್ಪ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುತ್ತಿದ್ದರು. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದೇ ಖೋಲಿ, ಆರು ಜನ. ಖೋಲಿಯ ಅರ್ಧಭಾಗಕ್ಕೆ ಮೇಲೆ ಹಲಗೆ ಹಾಸಿದ್ದರು. ಮರಾಠಿಯಲ್ಲಿ ಅದಕ್ಕೆ ಪೋಟ್‌ಮಾಳಾ ಅನ್ನುತ್ತಾರೆ. ಪೋಟ್ ಅಂದರೆ ಹೊಟ್ಟೆ. ಖೋಲಿಯ ಹೊಟ್ಟೆಯೊಳಗಿನ ಮಾಳಿಗೆ! ಅದರ ಮೇಲೆ ಟ್ರಂಕು, ಕೌದಿ, ಉಪ್ಪಿನಕಾಯಿ ಭರಣಿ, ಗಣಪತಿ ಹಬ್ಬದ ಬಣ್ಣದ ಕಾಗದ, ಅವುಗಳ ನಡುವೆ ನಾನು. ಎಸ್ಸೆಸ್ಸಿ ಪರೀಕ್ಷೆಗೆ ಅಲ್ಲೇ ಓದಿದ್ದು. ನಿಂತರೆ ತಲೆ ತಾಗುತ್ತಿತ್ತು, ಅದಕ್ಕೇ ಕೂತೇ ಇರುತ್ತಿದ್ದೆ. ಕೆಳಗಿನ ಒಗ್ಗರಣೆ ಹೊಗೆಯೆಲ್ಲ ನನಗೇ. ಆ ಕಲ್ಲಿನ ಮನೆಯ ಯಜಮಾನ ಹೊಗೆ ತಪ್ಪಿಸಿಕೊಳ್ಳಲು ಮೇಲೆ ಹತ್ತಿದ, ನಾನು ಹೊಗೆಯ ಜೊತೆಗೇ ಹತ್ತಿದೆ.

ಒಂದು ಸಲ ತಮ್ಮ ಏಣಿಯಿಂದ ಜಾರಿದ. ಮಧ್ಯದಲ್ಲಿ ಹಿಡಿಯಲು ಏನೂ ಇರಲಿಲ್ಲ, ನೇರ ಸ್ಟೌ ಪಕ್ಕಕ್ಕೆ ಬಿದ್ದು ಕೈ ಮುರಿದುಕೊಂಡ. ಗಣಿಯ ಆ ಹಲಗೆ ಇರುವುದೇ ಅದಕ್ಕಂತೆ. ಮೇಲಿನವನು ಜಾರಿದರೆ ಪಾತಾಳಕ್ಕೆ ಹೋಗಬಾರದು, ಮುಂದಿನ ಹಲಗೆಗೆ ನಿಲ್ಲಬೇಕು. ಅದನ್ನು ನೋಡಿದಾಗಿನಿಂದ ಈ ಪದ ಸರಿಯಾಗಿ ಬರೆಯಲೇಬೇಕು ಅಂತ ಹಠ.

ಮನೆಯಲ್ಲಿ ನಾವು ಕನ್ನಡ ಆಡುತ್ತಿದ್ದೆವು, ಆದರೆ ಆ ಜಾಗಕ್ಕೆ ಮಾತ್ರ ಮರಾಠಿ ಪದವೇ ಇತ್ತು. ನಿಮ್ಮ ಮನೆಗಳಲ್ಲಿ ಏನಂತಿದ್ದರು? ಗಣಿಗೂ ಹೊಂದುವಂಥದ್ದು ಇದೆಯಾ?


ಹಳೆ ಗಲ್ಲಾಪೆಟ್ಟಿಗೆ, ಮುಲುಂಡ್:

ಸುಮಕ್ಕ, ಇದಕ್ಕೆ ನಾಲ್ಕು ದಿನ ಯಾಕೆ ಮಾರಾಯ್ರೆ? ಅಟ್ಟ. ಮುಗಿಯಿತು.

ಆದರೂ ಕೇಳಿದ್ದೀರಿ ಅಂತ ನನ್ನದೂ ಒಂದು ಹೇಳುತ್ತೇನೆ. ಕುಂದಾಪುರದ ಕಡೆಯಿಂದ ನಾನು ಬೊಂಬಾಯಿಗೆ ಬಂದಾಗ ಹದಿಮೂರು ವರ್ಷ. 1968. ಫೋರ್ಟ್‌ನಲ್ಲಿ ನಮ್ಮೂರಿನವರದ್ದೇ ಒಂದು ಹೋಟೆಲು. ಬೆಳಿಗ್ಗೆ ಗ್ಲಾಸು ತೊಳೆಯುವುದು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಮಲಗುವುದು ಅಡುಗೆಮನೆಯ ಮೇಲಿನ ಅಟ್ಟದಲ್ಲಿ. ಏಳು ಹುಡುಗರು. ಒಂದು ಕಡೆ ಈರುಳ್ಳಿ ಚೀಲ, ಇನ್ನೊಂದು ಕಡೆ ದೊಡ್ಡ ಪಾತ್ರೆಗಳು, ನಡುವೆ ನಾವು. ಕೆಳಗಿನ ಭಟ್ಟಿ ಆರಿದರೂ ಹಲಗೆ ಬೆಳಗಿನ ಜಾವದವರೆಗೆ ಬಿಸಿ ಇರುತ್ತಿತ್ತು. ಮಳೆಗಾಲದಲ್ಲಿ ಅದೇ ಸುಖ, ಮೇ ತಿಂಗಳಲ್ಲಿ ನರಕ. ಎದ್ದರೆ ಬೆನ್ನಿನ ಮೇಲೆ ಹಲಗೆಯ ಗೆರೆ.

"ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದರು" ಅಂತ ಗಾದೆ ಹೇಳುತ್ತೇವಲ್ಲ, ಅದನ್ನು ನಾನು ಕಣ್ಣಾರೆ ಕಂಡವನು. ನಾವು ಕಡೆಯ ಆಟದ ಸಿನಿಮಾಕ್ಕೆ ಕದ್ದು ಹೋಗುತ್ತೇವೆ ಅಂತ ಮ್ಯಾನೇಜರು ರಾತ್ರಿ ಹತ್ತೂವರೆಗೆ ಏಣಿ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ಮಲಗಿಸಿ, ಅದರ ಬದಿಗೆ ತಾವೂ ಮಲಗುತ್ತಿದ್ದರು. ಒಬ್ಬ ಹುಡುಗನಿಗೆ ಹೊಟ್ಟೆ ಕೆಟ್ಟ ರಾತ್ರಿಯ ಕತೆ ಇಲ್ಲಿ ಬೇಡ.

ಗಣಿಗೆ ಹೊಂದುತ್ತದಾ ಅಂದರೆ, ಯಾಕೆ ಹೊಂದುವುದಿಲ್ಲ? ಅಟ್ಟ ಅಂದರೆ ಕೋಣೆಯೇ ಆಗಬೇಕು ಅಂತಿಲ್ಲ. ಘಟ್ಟದ ಮೇಲೆ ಅಡಿಕೆ ಒಣಗಿಸಲು ಕಂಬ ನೆಟ್ಟು ಮೇಲೆ ದಬ್ಬೆ ಹಾಸುತ್ತಾರೆ, ಅದೂ ಅಟ್ಟ. ನೆಲ ಬಿಟ್ಟು ಮೇಲೆ ಹಲಗೆ ಹಾಸಿದರೆ ಅಟ್ಟ, ಅಷ್ಟೇ. ಬಿಸಿಲು ಬೇಕು ಅಂದಿರಲ್ಲ, ಆ ಅಡಿಕೆ ಅಟ್ಟದ ಮೇಲೆ ಬೇಕಾದಷ್ಟಿದೆ.


ಪಿಂಪ್ರಿಯ ಸ್ಪ್ಯಾನರ್:

ಮೇಲಿನ ಹಿರಿಯರ ಅನುಭವಕ್ಕೆ ಕೈ ಮುಗಿಯುತ್ತೇನೆ. ಆದರೆ ಅಟ್ಟ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾನು ಕೋಲಾರ ಜಿಲ್ಲೆಯವನು. ಮೂವತ್ತೆರಡು ವರ್ಷ ಪುಣೆಯ ಕಾರ್ಖಾನೆಗಳಲ್ಲಿ ಯಂತ್ರ ನೋಡಿಕೊಂಡವನು, ಈಗ ನಿವೃತ್ತ. ಯಂತ್ರದವನಿಗೆ ಒಂದು ಭಾಗದ ಹೆಸರಿಗಿಂತ ಅದು ಮಾಡುವ ಕೆಲಸ ಮುಖ್ಯ.

ಅಟ್ಟದ ಕೆಲಸ ಏನು? ಸಾಮಾನು ಇಡುವುದು. ಸೋಲರ್‌ನ ಕೆಲಸ ಅದಲ್ಲ. ಸುಮಾ ಅವರು ಬೀಳುವುದನ್ನು ತಡೆಯುವ ಕೆಲಸ ಹೇಳಿದ್ದಾರೆ. ಇನ್ನೂ ಎರಡು ಇವೆ. ಒಂದು, ಉಸಿರು ತೆಗೆದುಕೊಳ್ಳುವುದು. ಆ ಕಾಲದ ಆಳದ ಗಣಿಗಳಲ್ಲಿ ಪಾಳಿ ಮುಗಿಸಿ ಏಣಿ ಹತ್ತಿ ಮೇಲೆ ಬರಲು ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಇಡೀ ದಿನ ಬಂಡೆ ಒಡೆದ ಮೇಲೆ ಇದು. ಎದೆ ಕೆಡಿಸಿಕೊಂಡವರು ಬಹಳ. ಇನ್ನೊಂದು, ಗಾಳಿ. ಅಡ್ಡ ಸುರಂಗದ ನೆಲದ ಮೇಲೆ ಒಂದಡಿ ಬಿಟ್ಟು ಹಲಗೆ ಹಾಸುತ್ತಿದ್ದರು. ಹಲಗೆಯ ಕೆಳಗಿನ ಸಂದಿನಲ್ಲಿ ಒಳ್ಳೆ ಗಾಳಿ ಒಳಗೆ ಹೋಗುತ್ತದೆ, ಮೇಲಿನಿಂದ ಕೆಟ್ಟ ಗಾಳಿ ಹೊರಗೆ ಬರುತ್ತದೆ. ಅದಕ್ಕೂ ಸೋಲರ್ ಅಂತಲೇ ಹೆಸರು, ಏರ್ ಸೋಲರ್. ನಿಮ್ಮ ಚಿತ್ರದಲ್ಲಿ ಅದು ಬಂದಿದೆಯೋ ಇಲ್ಲವೋ.

ಬಂದೇ ಬಂದಿರುತ್ತದೆ ಅಂತ ನಾನು ಊಹಿಸುವುದು ಮ್ಯಾನ್ ಎಂಜಿನ್. ಇದು ಸ್ವಲ್ಪ ಬಿಡಿಸಿ ಹೇಳಬೇಕು. ಏಣಿಯ ಕಷ್ಟ ತಪ್ಪಿಸಲು ಜರ್ಮನಿಯ ಹಾರ್ಟ್ಸ್ ಬೆಟ್ಟದವರು ಹುಡುಕಿದ ಉಪಾಯ ಅದು. ಕಾರ್ನ್‌ವಾಲ್‌ನಲ್ಲಿ ಮೊದಲು ಟ್ರೆಸೇವಿಯನ್ ಗಣಿಯಲ್ಲಿ 1842ರಲ್ಲಿ ಹಾಕಿದರು. ಶಾಫ್ಟ್‌ನ ಉದ್ದಕ್ಕೂ ಒಂದು ಮರದ ದಂಡ. ಮೇಲಿನ ಎಂಜಿನ್ ಅದನ್ನು 12 ಅಡಿ ಎತ್ತುತ್ತದೆ, 12 ಅಡಿ ಇಳಿಸುತ್ತದೆ, ಅಷ್ಟೇ ಅದರ ಕೆಲಸ. ದಂಡಕ್ಕೆ 12 ಅಡಿಗೊಂದು ಕಾಲಿಡುವ ಹಲಗೆ. ಶಾಫ್ಟ್‌ನ ಬದಿಯಲ್ಲೂ ಅದೇ ಅಂತರದಲ್ಲಿ ಒಂದೊಂದು ಸೋಲರ್. ದಂಡ ಮೇಲೆ ಬಂದಾಗ ನೀವು ಪಕ್ಕದ ಸೋಲರ್‌ಗೆ ದಾಟಬೇಕು. ದಂಡ ಕೆಳಗಿಳಿದು ಮುಂದಿನ ಹಲಗೆ ನಿಮ್ಮ ಎದುರು ಬಂದ ಕೂಡಲೇ ಅದಕ್ಕೆ ಹತ್ತಬೇಕು. ಹೀಗೆ 12 ಅಡಿ, 12 ಅಡಿ. ದಾದರ್‌ನಲ್ಲಿ ಲೋಕಲ್ ಹತ್ತಿ ಇಳಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ, ಕತ್ತಲೆ, ಟೋಪಿಗೆ ಅಂಟಿಸಿದ ಮೇಣದ ಬತ್ತಿ, ಕೆಳಗೆ ನೂರಾರು ಅಡಿ.

ಕಾರ್ನ್‌ವಾಲ್‌ನದ್ದೇ ಆದ ಲೆವಾಂಟ್ ಗಣಿಯಲ್ಲಿ 1919ರ ಅಕ್ಟೋಬರ್ 20ರಂದು ಪಾಳಿ ಮುಗಿದು ನೂರಕ್ಕೂ ಹೆಚ್ಚು ಜನ ದಂಡದ ಮೇಲೆ ಬರುತ್ತಿದ್ದರು. ಮೇಲ್ತುದಿಯಲ್ಲಿ ದಂಡವನ್ನು ಎಂಜಿನ್‌ಗೆ ಕೂಡಿಸುವ ಕಬ್ಬಿಣದ ಭಾಗ ಮುರಿಯಿತು. ದಂಡ ಜನರ ಸಮೇತ ಕುಸಿದು, ಬದಿಯ ಸೋಲರ್‌ಗಳನ್ನೂ ಒಡೆದುಕೊಂಡು ಹೋಯಿತು. 31 ಜನ ಸತ್ತರು. ನಾನು ಕೆಲಸದಲ್ಲಿದ್ದಾಗ ಹೊಸ ಹುಡುಗರಿಗೆ ಇದನ್ನು ಹೇಳುತ್ತಿದ್ದೆ. ಇಡೀ ಯಂತ್ರದ ಭಾರ ಹೊತ್ತಿರುವ ಒಂದು ಪಿನ್ನು ಎಲ್ಲೋ ಇರುತ್ತದೆ, ಅದು ಯಾವುದು ಅಂತ ಮೊದಲು ಹುಡುಕಿ ಅಂತ.

ಕೆಜಿಎಫ್ ಕೂಡ ಆ ಜನರಿಗೆ ಹತ್ತಿರದ್ದೇ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಅಲ್ಲಿಗೆ ಕಾಲಿಟ್ಟಾಗಿನಿಂದ ಕಾರ್ನ್‌ವಾಲ್‌ನ ಗಣಿಯವರು ಬಂದು ಕೆಲಸ ಮಾಡಿದ್ದಾರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗೂ ಆಳ ಹೋಯಿತು. ನಮ್ಮ ಚಿಕ್ಕಪ್ಪ ಅಲ್ಲಿ ವೈಂಡಿಂಗ್ ವಿಭಾಗದಲ್ಲಿದ್ದರು, ಅಂದರೆ ಜನರನ್ನೂ ಅದಿರನ್ನೂ ಮೇಲೆಳೆಯುವ ಕಡೆ. ಅವರ ಬಾಯಲ್ಲಿ ಕೇಜು, ಸ್ಕಿಪ್ಪು, ಶಾಫ್ಟು ಕೇಳಿದ್ದೇನೆ, ಸೋಲರ್ ಕೇಳಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿಯೇ ಮುಚ್ಚಿತು. ಈಗ ಕೇಳೋಣ ಅಂದರೆ ಚಿಕ್ಕಪ್ಪನೂ ಇಲ್ಲ.

ನನ್ನ ಸಲಹೆ: ಮಜಲು. ಕನ್ನಡದಲ್ಲಿ ಮಜಲು ಅಂದರೆ ದಾರಿಯಲ್ಲಿ ಒಂದು ಹಂತ, ತಂಗುವ ಜಾಗ. ಮರಾಠಿಯಲ್ಲಿ ಮಜಲಾ ಅಂದರೆ ಕಟ್ಟಡದ ಮಹಡಿ. ಎರಡೂ ಅರಬ್ಬಿಯ ಮಂಜಿಲ್‌ನಿಂದ ಬಂದವು, ಪ್ರಯಾಣಿಕ ಇಳಿದು ತಂಗುವ ಜಾಗ. ಮಹಡಿಯೂ ಆಯಿತು, ದಣಿವಾರಿಸುವ ಹಲಗೆಯೂ ಆಯಿತು. ಮೂರೇ ಅಕ್ಷರ.


ಮಡಗಾಂವ್ ಮೇಷ್ಟ್ರು:

ಸ್ಪ್ಯಾನರ್ ಸಾರ್, ನಿಮ್ಮ ಮಜಲು ಓದಿ ನಗು ಬಂತು. ತಪ್ಪು ತಿಳಿಯಬೇಡಿ. ನಾನು ಪುತ್ತೂರಿನವನು, ಗೋವಾಕ್ಕೆ ಬಂದು ಹತ್ತೊಂಬತ್ತು ವರ್ಷ. ನಮ್ಮ ಕಡೆ ಮಜಲು ಅಂದರೆ ಗದ್ದೆ! ತಗ್ಗಿನದ್ದು ಬೈಲು, ನಡುವಿನದ್ದು ಮಜಲು, ಎತ್ತರದ್ದು ಬೆಟ್ಟು. ಮಜಲು ಅಂತ ಮುಗಿಯುವ ಊರ ಹೆಸರು ಊರಿಗೊಂದಿದೆ. ಸುಮಾ ಅವರ ಸಬ್‌ಟೈಟಲನ್ನು ನಮ್ಮ ಅಮ್ಮ ಓದಿದರೆ, "ಆ ದೊರೆ ಮಾಳಿಗೆಯಲ್ಲಿ ನೇಜಿ ನೆಟ್ಟಿದ್ದಾನಾ?" ಅಂತ ಕೇಳುತ್ತಾರೆ.

ಆದರೆ ನಿಮ್ಮ ಕೆಲಸದ ವಾದ ಸರಿ ಅಂತ ಒಪ್ಪುತ್ತೇನೆ. ಏಣಿಯ ನಡುವೆ ತಂಗುವುದು, ಅದು ಪದದಲ್ಲಿ ಇರಬೇಕು.

ಗೋವಾದಲ್ಲಿ ಗಣಿ ಅಂದರೆ ಕಬ್ಬಿಣದ ಅದಿರಿನದ್ದು, ಎಲ್ಲ ತೆರೆದ ಗುಂಡಿ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ, ಲಾರಿ ಆ ಮೆಟ್ಟಿಲ ಮೇಲೇ ಓಡುತ್ತದೆ. ಏಣಿಯೂ ಇಲ್ಲ, ಹಲಗೆಯೂ ಇಲ್ಲ. ಹಾಗಾಗಿ ಗಣಿ ವಿಷಯದಲ್ಲಿ ನನ್ನಿಂದ ಉಪಯೋಗ ಇಲ್ಲ. ಮನೆ ವಿಷಯದಲ್ಲಿ ಒಂದು ತಮಾಷೆ ಇದೆ. ಇಲ್ಲಿನ ಕೆಲವು ಹಳೆಯ ದೊಡ್ಡ ಮನೆಗಳ ಹೆಸರಿನಲ್ಲಿ "ಸೋಲಾರ್" ಇದೆ. ಪೋರ್ಚುಗೀಸಿನಲ್ಲಿ ಸೋಲಾರ್ ಅಂದರೆ ದೊಡ್ಡ ಮನೆತನದ ಮನೆ. ನಾನು ಬಂದ ಹೊಸತರಲ್ಲಿ ಇದೂ ಸೂರ್ಯನಿಂದ ಬಂದದ್ದು ಅಂತ ಮಕ್ಕಳಿಗೆ ಜಂಬದಿಂದ ಪಾಠ ಮಾಡಿಬಿಟ್ಟೆ. ತಪ್ಪು. ಆ ಸೋಲಾರ್ ಬಂದಿರುವುದು ಲ್ಯಾಟಿನ್‌ನ ಸೋಲುಂ ಅನ್ನುವ ಪದದಿಂದ. ಸೋಲುಂ ಅಂದರೆ ನೆಲ. ಮನೆತನದ ಬೇರು ಇರುವ ನೆಲ. ಇಂಗ್ಲಿಷರ ಸೋಲರ್ ಮೇಲೆ ನೋಡುತ್ತದೆ, ಪೋರ್ಚುಗೀಸರ ಸೋಲಾರ್ ಕೆಳಗೆ ನೋಡುತ್ತದೆ. ಮುಂದಿನ ವರ್ಷದ ಮಕ್ಕಳಿಗೆ ತಿದ್ದಿ ಹೇಳಿದೆ, ಹಿಂದಿನ ವರ್ಷದವರು ಪಾಸಾಗಿ ಹೋಗಿದ್ದರು.

ಸುಮಾ ಅವರೇ, ನನ್ನ ವೋಟು ಅಟ್ಟಕ್ಕೆ. ಕೋಟೆಯ ಗೋಡೆ ಮೇಲಿನ ಕಾವಲು ಬುರುಜಿಗೆ ಹಳಗನ್ನಡದಲ್ಲಿ ಅಟ್ಟಳೆ ಅನ್ನುತ್ತಿದ್ದರು. ಅಲ್ಲಿ ಸಾಮಾನು ಇಡುತ್ತಿರಲಿಲ್ಲ, ಆಳು ನಿಲ್ಲುತ್ತಿದ್ದ. ಅಟ್ಟ ಅಂದರೆ ಬರೀ ಉಗ್ರಾಣ ಅನ್ನುವುದು ಈಚಿನ ಬಾಡಿಗೆ ಮನೆಗಳ ಅಭ್ಯಾಸ.


ಕೋಥ್ರೂಡ್ ವೈನಿ:

ಎಲ್ಲರೂ ಅಟ್ಟ ಅಟ್ಟ ಅನ್ನಾಕತ್ತೀರಿ, ನಮ್ಮ ಮಾಳಗಿ ಯಾರಿಗೂ ನೆನಪಾಗಲಿಲ್ಲಲ್ಲ! (ಇಷ್ಟೇ ನಮ್ಮ ಭಾಷೆ, ಇನ್ನು ಪುಸ್ತಕದ ಕನ್ನಡದಲ್ಲೇ ಬರೆಯುತ್ತೇನೆ, ಇಲ್ಲದಿದ್ದರೆ ಮೇಷ್ಟ್ರು ತಿದ್ದುತ್ತಾರೆ.)

ನನ್ನ ತವರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಅಲ್ಲಿ ಮಾಳಿಗೆ ಅಂದರೆ ಕೋಣೆಯಲ್ಲ, ಮನೆಯ ಮೇಲಿನ ಚಪ್ಪಟೆ ಮಣ್ಣಿನ ಛಾವಣಿ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣು. ನಡುವೆ ಒಂದು ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕಿ ಬಡಿಯುತ್ತಾರೆ. ಮೆಣಸಿನಕಾಯಿ, ಹಪ್ಪಳ, ಶಾವಿಗೆ ಎಲ್ಲ ಒಣಗುವುದು ಅಲ್ಲೇ. ಬೇಸಿಗೆಯಲ್ಲಿ ಇಡೀ ಓಣಿ ಅಲ್ಲೇ ಮಲಗುತ್ತದೆ. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ದಾಟುತ್ತಾ ಊರಿನ ಅರ್ಧಕ್ಕೆ ನಾನು ಚಿಕ್ಕವಳಿದ್ದಾಗ ಹೋಗಿದ್ದೇನೆ, ನೆಲಕ್ಕೆ ಕಾಲಿಡದೆ.

ಸುಮಾ ಅವರು ರೋಮಿನವರ ಸೋಲಾರಿಯಂ ಬಗ್ಗೆ ಬರೆದಿದ್ದು ಓದಿದ ಕೂಡಲೇ ನನಗೆ ಕಂಡದ್ದು ಅದು. ಬಿಸಿಲಿನ ಚಪ್ಪಟೆ ಜಾಗ ಅಂದರೆ ನಮ್ಮ ಮಾಳಿಗೆಯೇ, ಅಲ್ವಾ? ಮೈಸೂರು ಕಡೆಯ ಗೆಳತಿಗೆ ಮಾಳಿಗೆ ಅಂದರೆ ಮೇಲಂತಸ್ತಿನ ಕೋಣೆ. ಆ ರೋಮಿನವರ ಪದ ನಡೆದ ದಾರಿಯಲ್ಲೇ ನಮ್ಮದೂ ನಡೆದಿದೆ.

ಇನ್ನೊಂದು. ನಮ್ಮ ಅತ್ತೆ ಸಾತಾರಾ ಕಡೆಯವರು, ಮರಾಠಿ. ಅವರನ್ನು ಕೇಳಿದೆ, "ಅತ್ಯಾ, ಮಾಳಾ ಅಂದರೆ ಏನು?" ಮನೆಯ ಮೇಲಿನದ್ದೂ ಮಾಳಾ, ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕಂಬದ ಮೇಲೆ ಹಾಕುವ ಹಲಗೆಯೂ ಮಾಳಾ ಅಂದರು. ಅವರು ಹುಡುಗಿಯಾಗಿದ್ದಾಗ ಅದರ ಮೇಲೆ ನಿಂತು ಕವಣೆ ಬೀಸಿದ್ದಾರಂತೆ. ಎಪ್ಪತ್ತೆಂಟು ವಯಸ್ಸು, ಸೋಫಾದಿಂದ ಎದ್ದು ಬೀಸುವ ರೀತಿ ತೋರಿಸಿದರು, ಹೂದಾನಿ ಸ್ವಲ್ಪದರಲ್ಲಿ ಉಳಿಯಿತು. ನಮ್ಮೂರಲ್ಲಿ ಅದೇ ಹಲಗೆಗೆ ಮಂಚಿಕೆ ಅನ್ನುತ್ತೇವೆ. ಕೆಲವು ಕಡೆ ಅಟ್ಟಣೆ.

ಅಂದರೆ ಸುಮಾ ಅವರು ಚಿಕ್ಕಂದಿನಲ್ಲಿ ಬಳಸಿದ ಮರಾಠಿ ಪದ ಎರಡೂ ಕೆಲಸ ಮಾಡುತ್ತಿದೆ. ಕನ್ನಡದಲ್ಲಿ ಅದೇ ಕೆಲಸವನ್ನು ಮಾಡುತ್ತಿರುವುದು ಮಾಳಿಗೆಯಲ್ಲ, ಅಟ್ಟವೇ. ಮನೆಯಲ್ಲಿ ಅಟ್ಟ, ಹೊಲದಲ್ಲಿ ಅಟ್ಟಣೆ. ನನ್ನ ಮಾಳಿಗೆಯ ಪರ ವಾದ ಮಾಡಲು ಬಂದು ನಾನೇ ಸೋತೆ.


ಡೊಂಬಿವಲಿ ಸುಮಾ:

ನಿನ್ನೆ ರಾತ್ರಿ ಎಲ್ಲ ಪದಗಳನ್ನೂ ಪರದೆಯ ಮೇಲೆ ಹಾಕಿ ನೋಡಿದೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ಪದ ಮುಖದ ಕೆಳಗೆ ಎರಡು ಸೆಕೆಂಡು ಬಂದಾಗ ಬೇರೆಯೇ ಆಗುತ್ತದೆ.

"ಮಜಲು" ನನಗೆ ಬಹಳ ಇಷ್ಟವಾಗಿತ್ತು. ಗಣಿಯ ದೃಶ್ಯದಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಕಲ್ಲಿನ ಮನೆಗೆ ಹಾಕಿದಾಗ ಸತ್ತುಹೋಯಿತು. "ಇದೇ ಮನೆಯ ಮಜಲು" ಅಂದರೆ ಏನೂ ಗೊತ್ತಾಗುವುದಿಲ್ಲ, ಮೇಷ್ಟ್ರ ಅಮ್ಮನ ಗದ್ದೆ ಬೇರೆ ಕಣ್ಣಮುಂದೆ ಬರುತ್ತದೆ. "ಮಾಳಿಗೆ" ಹಾಕಿದಾಗ ತದ್ವಿರುದ್ಧ. ಮನೆಯಲ್ಲಿ ಮಿಂಚುತ್ತದೆ, ಗಣಿಯಲ್ಲಿ ಮುಳುಗುತ್ತದೆ.

"ಅಟ್ಟ" ಎರಡೂ ಕಡೆ ನಿಂತಿತು. ಗಲ್ಲಾಪೆಟ್ಟಿಗೆ ಮಾಮ, ನಾಲ್ಕು ದಿನ ದಂಡ ಅಂತ ನೀವು ಹೇಳಿದ್ದು ಸರಿ. ಆದರೆ ಒಂದು ವಿಷಯ ಹೇಳಿಬಿಡುತ್ತೇನೆ. ನನಗೆ ಆ ಪದ ಮೊದಲ ದಿನವೇ ಹೊಳೆದಿತ್ತು. ಬೇಡ ಅಂತ ತಳ್ಳಿದ್ದೆ. ನನ್ನ ಕಿವಿಗೆ ಅಟ್ಟ ಅಂದರೆ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಚ್ಚಲುಮನೆಯ ಮೇಲೆ ಹಳೆ ಸೂಟ್‌ಕೇಸು ತುರುಕುವ ಸಿಮೆಂಟಿನ ಗೂಡು. ಆಳು ನಿಲ್ಲುವ ಅಟ್ಟ, ಹುಡುಗರು ಮಲಗುವ ಅಟ್ಟ, ಅಡಿಕೆ ಒಣಗುವ ಅಟ್ಟ ನನ್ನ ಕನ್ನಡದಲ್ಲಿ ಇರಲೇ ಇಲ್ಲ. ಚಾಳಿನಲ್ಲಿ ನಾನು ಕೂತು ಓದಿದ್ದು ಅಂಥದ್ದರ ಮೇಲೇ, ಅದರ ಹೆಸರು ಮಾತ್ರ ಮರಾಠಿಯದ್ದು.

ಸ್ಪ್ಯಾನರ್ ಸಾರ್ ಅವರ ಮಾತನ್ನೂ ಬಿಟ್ಟಿಲ್ಲ. ಗಣಿಯಲ್ಲಿ ಮೊದಲ ಸಲ ಬಂದಾಗ "ಏಣಿಯಟ್ಟ" ಅಂತ ಬರೆದೆ, ಏಣಿಗೂ ಏಣಿಗೂ ನಡುವಿನ ಅಟ್ಟ. ಆಮೇಲೆ ಬರೀ ಅಟ್ಟ. ಏರ್ ಸೋಲರ್ ಚಿತ್ರದಲ್ಲಿ ಇದೆ ಸಾರ್, ಎಂಟು ಸೆಕೆಂಡಿನ ಒಂದು ತುಣುಕು. "ಗಾಳಿಯಟ್ಟ" ಹಾಕಿದ್ದೇನೆ. ಬೂಟು ಕುಟ್ಟುವ ಸಾಲು ಈಗ ಹೀಗಿದೆ:

"ಇದು ಏಣಿಯಟ್ಟ. ಹೌದು, ಅದೇ ಅಟ್ಟ!"

ಲೆವಾಂಟ್ ಭಾಗವೂ ಬರುತ್ತದೆ. ಬದುಕಿ ಬಂದವರಲ್ಲಿ ಒಬ್ಬರ ಮೊಮ್ಮಗಳು ಮಾತಾಡುತ್ತಾರೆ. ತುಂಬ ನಿಧಾನ, ತುಂಬ ಕಡಿಮೆ ಮಾತು. ಅಲ್ಲಿ ನಾನು ಜಾಣತನ ಏನೂ ಮಾಡಿಲ್ಲ. "ಒಂದೊಂದೇ ಅಟ್ಟ ಮುರಿಯುತ್ತಾ ಹೋಯಿತು" ಅಂತ ಬರೆದು ಎದ್ದು ಚಹಾ ಮಾಡಿಕೊಂಡೆ.

ಕೆಂಪು ಗುರುತಿನ ಹುಡುಗ ಬೆಳಿಗ್ಗೆ ಮೆಸೇಜ್ ಮಾಡಿದ. ಎಲ್ಲ ಓಕೆ ಅಂತೆ, ಒಂದೇ ಪ್ರಶ್ನೆ, "ಏಣಿಯಟ್ಟ" ಒಂದು ಪದವೋ ಎರಡೋ. ಒಂದೇ ಪದ ಅಂದೆ. ತಮ್ಮನಿಗೂ ಫೋನ್ ಮಾಡಿ ಕೇಳಿದೆ, ನಮ್ಮ ಪೋಟ್‌ಮಾಳಾಕ್ಕೆ ಅಪ್ಪ ಏನನ್ನುತ್ತಿದ್ದರು ಅಂತ. ಅವನಿಗೆ ನೆನಪಿರುವುದು ಏಣಿಯ ಮೇಲಿನಿಂದ ಮೂರನೇ ಮೆಟ್ಟಿಲು ಸಡಿಲ ಇದ್ದದ್ದು ಮಾತ್ರ.

ಈಗ ಮ್ಯಾನ್ ಎಂಜಿನ್‌ಗೆ ಏನು ಬರೆಯಲಿ? "ಆಳು ಯಂತ್ರ" ಅಂದರೆ ರೋಬೋ ಆಗುತ್ತದೆ.


ಹಳೆ ಗಲ್ಲಾಪೆಟ್ಟಿಗೆ, ಮುಲುಂಡ್:

ನಾನು ಮೊದಲೇ ಹೇಳಿದ್ದೆ. ಚಿತ್ರ ಯಾವಾಗ ಬರುತ್ತದೆ ಅಂತ ತಿಳಿಸಿ, ಮೊಮ್ಮಗನ ಹತ್ತಿರ ಹಾಕಿಸಿಕೊಂಡು ನೋಡುತ್ತೇನೆ.


ಪಿಂಪ್ರಿಯ ಸ್ಪ್ಯಾನರ್:

ಏಣಿಯಟ್ಟ ಒಪ್ಪಿಗೆ. ಗಾಳಿಯಟ್ಟ ಇನ್ನೂ ಚೆನ್ನಾಗಿದೆ. ಮ್ಯಾನ್ ಎಂಜಿನ್‌ಗೆ ಬೇರೆ ಎಳೆ ಶುರು ಮಾಡಿ, ಇದರಲ್ಲೇ ಬೆರೆಸಬೇಡಿ. ಅದು ಎರಡು ದಿನದಲ್ಲಿ ಮುಗಿಯುವ ಮಾತಲ್ಲ.